ಕಾಕಾ ಟಿಕೆಟ್ ಮುಟ್ಟಬಾರದು

ಇಂಗ್ಲೆಂಡಿನ ಒಂದು ಹೆಸರಾಂತ ರಾಕ್ ಬ್ಯಾಂಡು ಒಡೆದುಹೋದದ್ದಕ್ಕೆ ನಮ್ಮ ಕಾಕಾನೇ ಕಾರಣ ಎಂದರೆ ನೀವು ನಂಬುತ್ತೀರಾ? ಹಾಡುವವನಿಗೂ ಗಿಟಾರಿನವನಿಗೂ ಜಗಳವಾಯಿತೆಂದು ಪತ್ರಿಕೆಗಳು ಬರೆದವು. ಬರೆದುಕೊಳ್ಳಲಿ ಬಿಡಿ! ಕಾಕಾ ಟಿಕೆಟ್ ತೆಗೆದಿಟ್ಟಿದ್ದ ವಿಷಯ ಆ ಪತ್ರಿಕೆಯವರಿಗೇನು ಗೊತ್ತು?

ಕಾಕಾ ಅಂದರೆ ನನ್ನ ಅಪ್ಪನ ತಮ್ಮ, ಪಕ್ಕಾ ಧಾರವಾಡದವರು. ಎಂಬತ್ತರ ದಶಕದಲ್ಲಿ ಲಂಡನ್ನಿಗೆ ಬಂದು, ಹೀಥ್ರೋ ಹತ್ತಿರ ಹೇಸ್‌ನ ಒಂದು ಗೋದಾಮಿನಲ್ಲಿ ಕೆಲಸ ಹಿಡಿದರು. ಬಂದ ಮೊದಲ ತಿಂಗಳೇ ಜೊತೆಗಾರನೊಬ್ಬ ಈ ಬ್ಯಾಂಡಿನ ಕ್ಯಾಸೆಟ್ ಕೊಟ್ಟನಂತೆ. ಅಷ್ಟೇ, ಹುಚ್ಚು ಹತ್ತಿತು. ಮದುವೆಯಾಗಿ ಕಾಕುವನ್ನು ಕರೆತಂದರೂ ಹುಚ್ಚು ಬಿಡಲಿಲ್ಲ.

ಮೊದಲ ಸಲ ಟಿಕೆಟ್ ತೆಗೆದಾಗ ಹಾಡುವವನ ಗಂಟಲು ಕಟ್ಟಿ ಕಾರ್ಯಕ್ರಮ ರದ್ದಾಯಿತು. ಎರಡನೆಯ ಸಲ ಹಾಡುವವನ ಗಂಟಲು ನೆಟ್ಟಗಿತ್ತು. ಕಾಕಾನ ಮೈತುಂಬ ಅಮ್ಮ ಎದ್ದಳು, ಚಿಕನ್‌ಪಾಕ್ಸ್, ಅದೂ ನಲವತ್ತರ ಹತ್ತಿರದ ವಯಸ್ಸಿನಲ್ಲಿ! “ಆಕಿನ್ನೂ ಕರ್ಕೊಂಡ್ ಹೋದ್ರಾತಲ್ಲ” ಎಂದು ಕಂಬಳಿ ಹೊದ್ದು ಹೊರಟವರನ್ನು ಕಾಕು ಬಾಗಿಲಿಗೆ ಅಡ್ಡ ನಿಂತು ತಡೆದರು. ಮೂರನೆಯ ಸಲವಂತೂ ಹೇಳಿದೆನಲ್ಲ, ಬ್ಯಾಂಡೇ ಇಲ್ಲವಾಯಿತು. ಕಾಕಾ ಮೂರು ದಿನ ಸಿಹಿ ತಿನ್ನಲಿಲ್ಲವಂತೆ.

ತೊಂಬತ್ತರ ದಶಕದ ಕೊನೆಗೆ ನಾನು ಅಕ್ಸ್‌ಬ್ರಿಡ್ಜ್‌ನಲ್ಲಿ ಓದಲು ಬಂದು ಅವರ ಮನೆಯಲ್ಲೇ ಇಳಿದುಕೊಂಡೆ. ಶನಿವಾರ ಬೆಳಿಗ್ಗೆ ಕಾಕಾ ಸ್ನಾನ ಮಾಡಿ, ಹಣೆಗೆ ಕುಂಕುಮವಿಟ್ಟು, ಚಕ್ಕಳಮಕ್ಕಳ ಹಾಕಿ ಕೂತು ಕ್ಯಾಸೆಟ್ ಹಚ್ಚುತ್ತಿದ್ದರು. ಧಾರವಾಡದ ಹಿಂದುಸ್ತಾನಿ ಸಂಗೀತ ಕೇಳಿ ಬೆಳೆದ ಕಿವಿ ನೋಡಿ! ಡ್ರಮ್ಮು ಸಿಡಿಲಿನಂತೆ ಹೊಡೆಯುತ್ತಿದ್ದರೆ ಇವರು ತೊಡೆಯ ಮೇಲೆ ತಾಳ ಹಾಕುತ್ತಾ, “ಆಹಾ! ಎಲ್ಲೆಲ್ಲೋ ತಿರುಗಿ ಸಮ್‌ಗೆ ಹೆಂಗ ಬಂದು ನಿಂತಾ ನೋಡು ತಂಗಿ!” ಎನ್ನುತ್ತಿದ್ದರು; ನಮ್ಮ ಕಡೆ ಅಣ್ಣನ ಮಗಳೂ ‘ತಂಗಿ’ಯೇ. ಸಾಲುಮನೆಯಲ್ಲವೇ, ನಡುವೆ ಒಂದೇ ಗೋಡೆ. ಆಚೆಮನೆಯ ಇಂಗ್ಲಿಷ್ ಅಜ್ಜಿ ಸಿಟ್ಟಿಗೆದ್ದು ಗೋಡೆಯನ್ನು ಧಬಧಬ ಗುದ್ದುತ್ತಿದ್ದಳು.

“ಕಾಕಾ, ನಿಲ್ಲಿಸ್ರಿ, ಅಜ್ಜಿ ಬಯ್ಯಾಕತ್ತಾಳ.”

ಕಾಕಾ ಕಣ್ಣು ಮುಚ್ಚಿಯೇ ಹೇಳಿದರು: “ಬಯ್ಯಾಕತ್ತಿಲ್ಲ, ತಾಳ ಹಾಕಾಕತ್ತಾಳ. ಲಯ ಛಲೋ ಅದ. ಒಂದು ಮಾತ್ರೆ ಹಿಂದ ಬೀಳ್ತಾಳ, ಅಷ್ಟ!”

ಕಾಕು ಅಡಿಗೆಮನೆಯಿಂದಲೇ ಗೊಣಗುತ್ತಿದ್ದರು: “ಹಾಡಂತ ಹಾಡು! ಡಬ್ಬಿ ಬಡಿದಂಗ ಗದ್ದಲ.”

ಕೆಲವು ವರ್ಷ ಕಳೆದವು. ನಾನು ಕೆಲಸ ಹಿಡಿದು ಗ್ರೀನ್‌ಫರ್ಡಿನಲ್ಲಿ ಫ್ಲ್ಯಾಟ್ ಮಾಡಿದೆ. ಒಂದು ಬೆಳಿಗ್ಗೆ ಫೋನು. “ತಂಗಿ, ರಾಜಿ ಆದ್ರು!” ಎಂದು ಕಾಕಾ ಕೂಗಿದರು. ಊರಿನಲ್ಲಿ ಯಾವ ಅಣ್ಣತಮ್ಮಂದಿರು ಪಾಲಿನ ಜಗಳ ಬಿಟ್ಟರೋ ಎಂದುಕೊಂಡೆ. ಬ್ಯಾಂಡು ಮತ್ತೆ ಒಂದಾಗಿತ್ತು! ಬೇಸಿಗೆಯಲ್ಲಿ ಲಂಡನ್ನಿನ ದೊಡ್ಡ ಪಾರ್ಕಿನಲ್ಲಿ ದಿನವಿಡೀ ಸಂಗೀತೋತ್ಸವ, ಕೊನೆಗೆ ಇವರದೇ ಹಾಡು.

ಆದರೆ ಟಿಕೆಟ್ ತೆಗೆಯುವವರಾರು? ಕಾಕಾ ಕೈ ಹಚ್ಚುವಂತಿಲ್ಲ! ಕಾಲೇಜಿಗೆ ಹೋಗುವ ಅವರ ಮಗಳು ಇಂಟರ್ನೆಟ್ಟಿನಲ್ಲಿ ನಾಲ್ಕು ಟಿಕೆಟ್ ತೆಗೆದಳು. ಕಾಕಾ ಅವನ್ನು ಮುಟ್ಟುವುದಿರಲಿ, ಟಿಕೆಟ್ ಇಟ್ಟಿದ್ದ ಕಪಾಟಿನ ಕಡೆ ತಿರುಗಿಯೂ ನೋಡಲಿಲ್ಲ. ಎರಡು ತಿಂಗಳು ಬ್ಯಾಂಡಿನ ಹೆಸರು ಹೇಳದೆ “ಅವರು” ಎನ್ನುತ್ತಿದ್ದರು, ಹೊಸ ಸೊಸೆ ಗಂಡನ ಹೆಸರು ನುಂಗಿದಂತೆ!

“ಡ್ಯಾಡ್, ಯು ಆರ್ ಸೋ ಎಂಬರಾಸಿಂಗ್,” ಎಂದಳು ಮಗಳು.

“ಆಗಲೇಳವಾ. ಟಿಕೆಟ್ ಹುಷಾರಿಂದ ಇಟ್ಕೋ.”

ಟಿಕೆಟ್ ಇದ್ದರೂ ಕಾಕು ಬರುವುದಿಲ್ಲ ಎಂದೇ ನಾವು ತಿಳಿದಿದ್ದೆವು. ಆ ದಿನ ನೋಡಿದರೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಸೀರೆಯ ಮೇಲೆ ಕೋಟು ಹಾಕಿ ಎಲ್ಲರಿಗಿಂತ ಮೊದಲು ತಯಾರಾಗಿದ್ದರು. “ಇವರಿಗೆ ಅಲ್ಲಿ ಏನರೆ ಆದ್ರ ನೋಡ್ಕೊಳ್ಳೋರು ಯಾರು?” ಎಂದರು.

ಕಾಕಾ ಹೆಗಲ ಮೇಲೆ ನವಲಗುಂದದ ಜಮಖಾನದ ಸುರುಳಿ! ಟ್ಯೂಬ್ ರೈಲಿನಲ್ಲಿ ಜನ ದಾರಿ ಬಿಟ್ಟರು. ಪಾರ್ಕಿನ ಹುಲ್ಲಿನ ಮೇಲೆ ಅದನ್ನು ಹಾಸಿ, ಚಪ್ಪಲಿ ಬಿಟ್ಟು ಕೂತರು. ಪಕ್ಕದಲ್ಲಿ ಕಪ್ಪು ಚರ್ಮದ ಜಾಕೆಟ್ಟಿನ, ತೋಳಿನ ತುಂಬ ಹಚ್ಚೆಯ ಮೂವರು ದೈತ್ಯರು ನಿಂತಿದ್ದರು. ಕಾಕಾ ಕರೆದರು: “ಕಮ್, ಸಿಟ್! ಬಟ್ ಶೂಸ್ ಔಟ್‌ಸೈಡ್.” ಹೊರಗೆ ಎಂದರೆ ಎಲ್ಲಿಗೆ? ಇಡೀ ಪಾರ್ಕೇ ಹೊರಗೆ! ಆದರೂ ಆ ಮೂವರು ಮೊಣಕಾಲುದ್ದದ ಬೂಟುಗಳನ್ನು ಕಷ್ಟಪಟ್ಟು ಬಿಚ್ಚಿ, ಸಾಲಾಗಿಟ್ಟು, ವಿಧೇಯರಾಗಿ ಬಂದು ಕೂತರು. ಕಾಕು ರೊಟ್ಟಿ ಕೊಟ್ಟರು. ಒಬ್ಬ ಎರಡನೆಯದನ್ನೂ ಕೇಳಿದ.

ಕೊನೆಗೆ ‘ಅವರು’ ವೇದಿಕೆಗೆ ಬಂದರು. ಇಡೀ ಪಾರ್ಕು ಹೋ ಎಂದು ಎದ್ದುನಿಂತಿತು. ಕಾಕಾ ಮಾತ್ರ ನನ್ನ ಮುಂಗೈ ಹಿಂಡಿ, “ನಂಬಬ್ಯಾಡ. ಬಾಯಿ ತಗೀಲಿ ತಡಿ,” ಎಂದರು. ಹಾಡುವವನು ಬಾಯಿ ತೆಗೆದ. ಅಯ್ಯೋ, ಆಮೇಲಿನದನ್ನು ಏನು ಹೇಳಲಿ! ಐವತ್ತು ದಾಟಿದ ನಮ್ಮ ಕಾಕಾ ಜಮಖಾನದ ಮೇಲೆ ಕುಣಿದದ್ದೇ ಕುಣಿದದ್ದು. ಗಿಟಾರಿನವನ ಬೆರಳು ಓಡಿದಾಗಲೆಲ್ಲ ಕೈ ಮೇಲೆತ್ತಿ “ಕ್ಯಾ ಬಾತ್ ಹೈ!” ಎಂದು ಕೂಗುವರು. ನಾಲ್ಕನೆಯ ಹಾಡಿಗೆ ಆ ಮೂವರು ದೈತ್ಯರೂ “ಕ್ಯಾ ಬಾತೇ!” ಎಂದು ಕೂಗತೊಡಗಿದರು. ಮಗಳು ಮುಖ ಮುಚ್ಚಿಕೊಂಡು ನಕ್ಕಳು, ಆಮೇಲೆ ಅವಳೂ ಕೂಗಿದಳು.

ಬಿಸಿಲಿನ್ನೂ ಮರಗಳ ತುದಿಯಲ್ಲಿತ್ತು. ಕೊನೆಯ ಹಾಡಿಗೆ ಡ್ರಮ್ಮು ನಿಂತು, ಬರಿಯ ಗಿಟಾರು ಮೆಲ್ಲಗೆ ಶುರುವಾಯಿತು. ಆ ಬ್ಯಾಂಡಿನದೆಂದರೆ ನಂಬಲಾಗದಷ್ಟು ಸಣ್ಣ, ನಿಧಾನದ ಹಾಡು. ಕಾಕಾ ನಮಗೆ ಏನನ್ನೋ ತೋರಿಸಲು ಹಿಂದೆ ತಿರುಗಿದವರು ಹಾಗೆಯೇ ನಿಂತುಬಿಟ್ಟರು.

ಕಾಕು ಹಾಡುತ್ತಿದ್ದರು! ಕಣ್ಣು ಮುಚ್ಚಿ, ಸೆರಗಿನ ತುದಿ ಹಿಡಿದು, ಒಂದು ಪದವೂ ತಪ್ಪದೆ. ಅವರ ಇಂಗ್ಲಿಷು ಎಂದೂ ಇಷ್ಟು ಚೊಕ್ಕವಾಗಿ ಕೇಳಿದ್ದು ನನಗೆ ನೆನಪಿಲ್ಲ.

ಪಲ್ಲವಿ ಮುಗಿದು ಗಿಟಾರು ಒಂದೇ ನುಡಿಯುವಾಗ ಕಾಕಾ ಕೇಳಿದರು: “ನಿನಗ ಇದು ಹೆಂಗ ಬರತದ?”

“ಬಂದ ಹೊಸದರಾಗ ನನಗ ಇಂಗ್ಲಿಷ್ ಎಲ್ಲಿ ಬರ್ತಿತ್ತು?” ಎಂದರು ಕಾಕು. “ಡಾಕ್ಟರ್ ಹತ್ರ ಹೋದ್ರ ಬಾಯಿ ಕಟ್ಟೂದು. ಯಾರರ ಬಾಗಿಲಾ ಬಡದ್ರ ಎದಿ ಧಸಕ್ ಅನ್ನೂದು. ನೀವು ದಿನಾ ಗೋದಾಮಿಗೆ ಹೋದ ಮ್ಯಾಲೆ ನಿಮ್ಮ ಕ್ಯಾಸೆಟ್ ಹಚ್ಚಿ, ಅದರೊಳಗಿನ ಹಾಡು ಬರದ ಹಾಳಿ ಮುಂದಿಟ್ಕೊಂಡು, ಅವ ಅಂದಂಗ ಅಂತಿದ್ದೆ. ಉಳಿದವೆಲ್ಲಾ ಗದ್ದಲ. ಇದೊಂದು ತಿಳೀತಿತ್ತು. ಈ ದೇಶದಾಗ ನನ್ನ ಜೋಡಿ ಮೊದಲು ನಿಧಾನಕ್ಕ ಮಾತಾಡಿದಂವ ಅವನ.”

“ನನಗ ಯಾಕ ಹೇಳಲಿಲ್ಲ?”

“ನೀವೆಲ್ಲಿ ಕೇಳಿದ್ರಿ?”

ಕೊಂಕಿನಿಂದಲ್ಲ, ನಗುತ್ತಲೇ ಹೇಳಿದರು. ಅಷ್ಟರಲ್ಲಿ ಎರಡನೆಯ ನುಡಿ ಬಂತು. ಅವರು ಮತ್ತೆ ಕಣ್ಣು ಮುಚ್ಚಿ ಹಾಡಿಗೆ ಸೇರಿಕೊಂಡರು. ಕಾಕಾ ವೇದಿಕೆಗೆ ಬೆನ್ನು ಹಾಕಿ ನಿಂತೇ ಇದ್ದರು. ಇಷ್ಟು ವರ್ಷ ಕಾದ ಬ್ಯಾಂಡು, ಕೊನೆಯ ಹಾಡು, ತಪ್ಪಿಹೋಗುತ್ತದಲ್ಲ ಎಂದು ನನಗೆ ಜೀವ ತಡೆಯಲಿಲ್ಲ. ತೋಳು ಹಿಡಿದು ಅಲುಗಿಸಿದೆ. “ಕಾಕಾ, ಆ ಕಡೆ ನೋಡ್ರಿ! ಹಾಡು ಮುಗೀತದ!”

ಕಾಕಾ ಕಣ್ಣು ಕದಲಿಸಲಿಲ್ಲ. “ಸುಮ್ಮನಿರು ತಂಗಿ,” ಎಂದರು, “ಕೇಳಾಕತ್ತೇನಿ.”