ಕಣ್ಣಿನ ಡಾಕ್ಟ್ರಮ್ಮ ಕಂಡದ್ದು

ಇಪ್ಪತ್ತು ವರ್ಷಗಳಿಂದ ಚೆನ್ನೈಯಲ್ಲಿ ಜನರ ಕಣ್ಣಿನ ಪೊರೆ ತೆಗೆಯುತ್ತಿದ್ದೇನೆ. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿರುವ ಗಾಜಿನಂಥ ಪದರ, ಕೆಟ್ಟುಹೋದವರಿಗೆ ದಾನವಾಗಿ ಬಂದದ್ದನ್ನು ಕೂರಿಸುತ್ತೇನೆ. ಕೆಲಸವೇನೋ ಬಲು ಗಂಭೀರ. ಬರುವವರು ನನ್ನನ್ನು ಗಂಭೀರವಾಗಿರಲು ಬಿಟ್ಟರೆ ತಾನೆ!

ಊರಿನವರು

ಪೊರೆಯ ಆಪರೇಷನ್‌ಗೆ ಈಗ ಸಾಮಾನ್ಯವಾಗಿ ಪ್ರಜ್ಞೆ ತಪ್ಪಿಸುವುದಿಲ್ಲ. ಕಣ್ಣಿಗೆ ಹನಿ ಹಾಕಿ ಮರಗಟ್ಟಿಸುತ್ತೇವೆ, ರೋಗಿ ಎಚ್ಚರವಾಗಿಯೇ ಮಲಗಿರುತ್ತಾರೆ. ಅಲ್ಲಾಡಬಾರದು, ಅಷ್ಟೇ.

ಧಾರವಾಡದ ಕಡೆಯ ಅಜ್ಜ ಒಬ್ಬರು ಬಂದಿದ್ದರು. ಇಲ್ಲಿ ಪಾತ್ರೆ ಅಂಗಡಿ ಇಟ್ಟು ನಲವತ್ತು ವರ್ಷವಾದವರು. ನರ್ಸ್ ಜೊತೆ ತಮಿಳಿನಲ್ಲಿ ಮಾತಾಡುತ್ತಿದ್ದ ನಾನು ಅವರಿಗೆ ಕನ್ನಡದಲ್ಲಿ, “ಅಜ್ಜಾ, ತಲೆ ಅಲ್ಲಾಡಿಸಬೇಡಿ” ಅಂದೆ.

“ಅಯ್ಯ, ನಮ್ಮವರೇನ್ರೀ ನೀವು? ಯಾವ ಊರವಾ?”

“ಹಾವೇರಿ. ಅಲ್ಲಾಡಬೇಡಿ.”

“ಹಾವೇರಿ! ನಮ್ಮ ಮಗಳನ್ನ ಹಾವೇರಿಗೇ ಕೊಟ್ಟೇವ್ರೀ! ಬಸ್‌ಸ್ಟ್ಯಾಂಡ್ ಹಿಂದಽ ಮನಿ…”

ಚಾಕು ಹಿಡಿದ ನನ್ನ ಕೈ ಗಾಳಿಯಲ್ಲೇ ನಿಂತಿತು. “ಅಜ್ಜಾ, ಇನ್ನು ಹತ್ತು ನಿಮಿಷ ಮಾತಾಡಬಾರದು, ತಲೆ ಅಲ್ಲಾಡಿಸಬಾರದು. ತಿಳೀತಾ?”

ಅಜ್ಜ ಬಾಯಿ ಬಿಗಿಯಾಗಿ ಮುಚ್ಚಿಕೊಂಡರು. ಆಮೇಲೆ, ತಿಳೀತು ಎಂದು ಜೋರಾಗಿ ತಲೆ ಅಲ್ಲಾಡಿಸಿದರು.

ಎರಡನೇ ಕಣ್ಣು

ಮೈಲಾಪೂರಿನ ದಂಪತಿ, ಇಬ್ಬರೂ ಬ್ಯಾಂಕಿನಿಂದ ನಿವೃತ್ತರು. ಹೆಂಡತಿಗೆ ಎರಡೂ ಕಣ್ಣಲ್ಲಿ ಪೊರೆ. ಗಂಡನೇ ಒತ್ತಾಯ ಮಾಡಿ ಕರೆತಂದಿದ್ದರು. “ಪಾಪ, ಇವಳಿಗೆ ಏನೂ ಕಾಣಿಸೊಲ್ಲ ಡಾಕ್ಟ್ರೇ. ಎರಡು ವರ್ಷದಿಂದ ಮನೆಕೆಲಸ ಪೂರ್ತಿ ನಂದೇ.”

ಆಕೆಯೂ ಕಣ್ಣೊರೆಸಿಕೊಂಡು, “ದೇವರಂಥವರು. ಮನೇನ ಕನ್ನಡಿ ಹಾಗೆ ಇಟ್ಟಿದ್ದಾರೆ” ಅಂದರು.

ಮೊದಲು ಬಲಗಣ್ಣಿಗೆ ಆಪರೇಷನ್ ಮಾಡಿದೆ. ದೃಷ್ಟಿ ಚೊಕ್ಕವಾಗಿ ಬಂತು. ಕೆಲವು ದಿನ ಬಿಟ್ಟು ಗಂಡ ಒಬ್ಬರೇ ಬಂದರು. ಸ್ವಲ್ಪ ಸೊರಗಿದ್ದರು.

“ಎಡಗಣ್ಣು ಯಾವಾಗ ಮಾಡ್ತೀರಿ?”

“ಮುಂದಿನ ವಾರವೇ ಮಾಡೋಣ.”

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಒಂದೆರಡು ತಿಂಗಳು ಮುಂದಕ್ಕೆ ಹಾಕಿ ಡಾಕ್ಟ್ರೇ. ಒಂದು ಕಣ್ಣಿಗೆ ಕಂಡಿರೋ ಕಸಾನೇ ಇನ್ನೂ ಗುಡಿಸಿ ಮುಗಿದಿಲ್ಲ.”

ಕಾಸಿಮೇಡಿನ ಉಡುಗೊರೆ

ರಾಯಪುರಂನ ಕಣ್ಣಿನ ಶಿಬಿರಕ್ಕೆ ಬಂದಾಕೆ, ಕಾಸಿಮೇಡಿನ ಮೀನು ಬಂದರಿನಲ್ಲಿ ಮುಂಜಾನೆ ಮೀನು ಹರಾಜು ಹಿಡಿದು ಮಾರುವವಳು. ಹುಣ್ಣಾಗಿ ಒಂದು ಕಣ್ಣಿನ ಕಾರ್ನಿಯಾ ಬೆಳ್ಳಗಾಗಿತ್ತು, ಇನ್ನೊಂದು ಮೊದಲಿನಿಂದಲೂ ಮಂದ. ಒಳ್ಳೆಯ ಮೀನು ಯಾವುದು, ಹಳಸಿದ್ದು ಯಾವುದು ಎಂದು ಗೊತ್ತಾಗದೆ ವ್ಯಾಪಾರವೇ ಬಿದ್ದುಹೋಗಿತ್ತು. ನಾನು ರೋಗ ವಿವರಿಸಲು ಹೊರಟರೆ ಆಕೆ ತಮಿಳಿನಲ್ಲಿ ತಡೆದಳು: “ಗೊತ್ತು ಡಾಕ್ಟರಮ್ಮಾ. ಮೀನಿನ ಕಣ್ಣು ಹೀಗಾದರೆ ನಾವು ಕೈಯಲ್ಲೂ ಮುಟ್ಟುವುದಿಲ್ಲ.”

ಹೊಸ ಕಾರ್ನಿಯಾ ಕೂರಿಸಿದೆ. ತಿಂಗಳುಗಟ್ಟಲೆ ಹನಿ ಹಾಕಿಕೊಂಡಳು, ಒಂದು ದಿನವೂ ತಪ್ಪಿಸಲಿಲ್ಲ. ಮತ್ತೆ ಹರಾಜಿಗೆ ಹೋದ ಮೊದಲ ದಿನ ಬಂದರಿನಿಂದ ನೇರ ನನ್ನ ಕೋಣೆಗೆ ಬಂದು, ತೋಳುದ್ದದ ವಂಜರಂ ಮೀನನ್ನು ಮೇಜಿನ ಮೇಲಿಟ್ಟಳು. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ.

“ಅಮ್ಮಾ, ನಾವು ಮೀನು ತಿನ್ನೋದಿಲ್ಲ.”

“ಹಳೇದು ಅಂದುಕೊಂಡಿರಾ?” ಎಂದು ಮುಖ ಕೆಂಪಗೆ ಮಾಡಿಕೊಂಡು, ಕಣ್ಣು ಪರೀಕ್ಷಿಸುವಾಗ ರೋಗಿಗಳು ಗಲ್ಲವಿಡುವ ಯಂತ್ರದ ಮೇಲೆ ಮೀನಿನ ಗಲ್ಲವಿಟ್ಟೇಬಿಟ್ಟಳು. “ನೋಡಿ! ಒಂದು ಚುಕ್ಕೆ ಇದ್ದರೆ ಹೇಳಿ!”

ದೀಪ ಹಾಕಿ ನೋಡಿದೆ. ಸುಳ್ಳು ಯಾಕೆ ಹೇಳಲಿ, ಆ ದಿನ ನಾನು ಪರೀಕ್ಷಿಸಿದ ಅಷ್ಟೂ ಕಣ್ಣುಗಳಲ್ಲಿ ಅದೇ ಉತ್ತಮವಾಗಿತ್ತು.

ಯಾರು ಹೋದದ್ದು?

ಕಣ್ಣು ದಾನಕ್ಕೆ ಸಮಯವೇ ಮುಖ್ಯ. ಪ್ರಾಣ ಹೋದ ಆರು ಗಂಟೆಯೊಳಗೆ ನಾವು ತಲುಪಬೇಕು. ಒಂದು ಮಧ್ಯಾಹ್ನ ಫೋನ್ ಬಂತು. ವಯಸ್ಸಾದ, ಶಾಂತವಾದ ದನಿ, ಅಚ್ಚ ಕನ್ನಡ. “ನಮ್ಮ ಮನೆಯ ಯಜಮಾನರು ಕಣ್ಣು ದಾನಕ್ಕೆ ಬರೆದುಕೊಟ್ಟಿದ್ದಾರೆ. ಬನ್ನಿ.”

“ಕಣ್ಣು ಒಣಗಬಾರದು. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ. ಹೊರಟೆವು” ಅಂದೆ.

ಕಣ್ಣು ತರುವ ಪೆಟ್ಟಿಗೆ ಹಿಡಿದು ನಾನೂ ನರ್ಸೂ ಆಟೋದಲ್ಲಿ ಓಡಿದೆವು. ಸಿಗ್ನಲ್ ಸಿಗ್ನಲ್‌ಗೂ ಬೇಗ ಹೋಗಿ ಎಂದು ಆಟೋದವರನ್ನು ಬೇಡಿಕೊಂಡೆವು. ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತಾ ಬೆಲ್ ಒತ್ತಿದೆವು. ಬಾಗಿಲು ತೆರೆದವರು ಇಸ್ತ್ರಿ ಮಾಡಿದ ಶರ್ಟಿನ ಹಿರಿಯರು, ಕೈಯಲ್ಲಿ ಗಡಿಯಾರ.

ನಾನು ಮೆಲ್ಲಗೆ, “ತೀರಿಕೊಂಡವರು…?” ಅಂದೆ.

“ನಾನೇ. ಒಳಗೆ ಬನ್ನಿ.”

ನರ್ಸ್ ಕೈಯಿಂದ ಪೆಟ್ಟಿಗೆ ಜಾರಿ ಬಿತ್ತು.

“ಗಾಬರಿ ಬೇಡ. ರೈಲ್ವೆಯಲ್ಲಿ ಸುರಕ್ಷತಾ ವಿಭಾಗದಲ್ಲಿದ್ದೆ. ಅಪಘಾತ ಆಗೋ ಮೊದಲೇ ಒಂದು ಅಣಕು ತಾಲೀಮು ಮಾಡಿ ನೋಡಬೇಕು. ಸಮಯಕ್ಕೆ ಬರ್ತೀರೋ ಇಲ್ಲವೋ ನಾನು ಹೋದ ಮೇಲೆ ನೋಡೋಕಾಗುತ್ತಾ? ಐವತ್ತೆರಡು ನಿಮಿಷ. ಶಭಾಷ್!”

ನನಗೆ ಉರಿದುಹೋಯಿತು. ಆದರೆ ಬರೆದುಕೊಟ್ಟ ಮಾತನ್ನು ಇಷ್ಟು ನಿಷ್ಠೆಯಿಂದ ಉಳಿಸಿಕೊಳ್ಳಲು ಹೊರಟವರನ್ನು ಬೈಯುವುದು ಹೇಗೆ? ಫ್ಯಾನ್ ಕೂಡ ನಾನು ಹೇಳಿದಂತೆ ಆರಿಸಿಯೇ ಇತ್ತು. “ಇನ್ನೊಮ್ಮೆ ಹೀಗೆ ಮಾಡಬೇಡಿ ಸಾರ್” ಎಂದಷ್ಟೇ ಹೇಳಿ ಹೊರಟೆ.

ಅಷ್ಟರಲ್ಲಿ ಅವರ ಹೆಂಡತಿ ಬೆವರು ಒರೆಸಿಕೊಳ್ಳುತ್ತಾ ಎರಡು ಲೋಟ ಕಾಫಿ ತಂದು ದಾರಿಗೆ ಅಡ್ಡ ನಿಂತರು.

“ನೀವಾದರೂ ಕಾಫಿ ಕುಡಿದು ಹೋಗಿ ತಾಯೀ. ಬೆಳಗ್ಗೆ ಹೆಣದ ಗಾಡಿಯವರು ಬಂದಿದ್ದರು, ಸಿಟ್ಟು ಮಾಡಿಕೊಂಡು ಹಾಗೇ ಹೊರಟುಹೋದರು.”