ಫರಸಿ ಕಲ್ಲಿನ ವಿನ್ಯಾಸಕರು ಖುದ್ದು ಹಾಜರಾದ ಪ್ರಕರಣ

ಶಹಾಬಾದ ಸೀಮೆಯಲ್ಲಿ ಮನೆಯ ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ೧೯೮೬ನೇ ಇಸವಿ ಜೂನ್ ಒಂದರಂದು ಶ್ರೀ ಬಸವಂತರಾಯ ಅವರು ವಿನ್ಯಾಸ ಮಾಡಿದರು. ಇದು ನಮ್ಮ ಕಡತದಲ್ಲಿರುವ ಸಂಗತಿ. ಕಲ್ಲು ಅದಕ್ಕಿಂತ ಮೊದಲೇ ಇತ್ತು ಎನ್ನುವವರು ಲಿಖಿತವಾಗಿ, ಮೂರು ಪ್ರತಿಗಳಲ್ಲಿ ತಿಳಿಸತಕ್ಕದ್ದು ಎಂದು ಪ್ರಕಟಣೆ ಹೊರಡಿಸಿದ್ದೇವೆ. ಇಂದಿನವರೆಗೆ ಯಾರೂ ತಿಳಿಸಿಲ್ಲ.

ನಾನು ವಿಜ್ಞಾನ ಮಾದರಿಗಳ ಪರಿಶೀಲನಾ ಸಮಿತಿಯ ಕಾರ್ಯದರ್ಶಿ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಖಾಲಿ ಕಾಲಂ ಇರುವ ಒಂದೇ ಒಂದು ಅರ್ಜಿಯನ್ನೂ ಮುಂದಕ್ಕೆ ಬಿಟ್ಟವನಲ್ಲ. ಜನ ನನ್ನನ್ನು ಹಿಂದಿನಿಂದ ಏನೇನೋ ಅನ್ನುತ್ತಾರೆ, ಅನ್ನಲಿ.

ಆ ಸೋಮವಾರ ದಂಡೋತಿ ಕಡೆಯ ಶಾಲೆಯೊಂದರಿಂದ ಮಹೆವಿಶ ಎಂಬ ಒಂಬತ್ತನೇ ಇಯತ್ತೆಯ ಹುಡುಗಿ, ತನ್ನ ವಿಜ್ಞಾನದ ಟೀಚರ್ ಉಮಾದೇವಿಯವರ ಜೊತೆ ಒಂದು ಗಾಜಿನ ಬರಣಿ ಹಿಡಿದುಕೊಂಡು ಬಂದಳು. ಬರಣಿಯಲ್ಲಿ ಕಾಗಿಣಾ ಹೊಳೆಯ ನೀರು, ಉಸುಕು, ಎರೆಮಣ್ಣು, ಸುಣ್ಣದ ಪುಡಿ. ಅಲ್ಲಾಡಿಸಿ ಇಟ್ಟರೆ ಒಂದರ ಮೇಲೊಂದು ಪದರ ಕೂರುತ್ತಿತ್ತು. ಫರಸಿ ಕಲ್ಲೂ ಕೋಟ್ಯಂತರ ವರ್ಷಗಳ ಹಿಂದೆ ನೀರಿನ ತಳದಲ್ಲಿ ಹೀಗೇ ತಾನಾಗಿ ಪದರುಗಟ್ಟಿತು ಎಂಬುದು ಅವಳ ವಾದ. ಆರು ತಿಂಗಳು ಇದೇ ಕೆಲಸ ಮಾಡಿದ್ದಳಂತೆ. ತಾಲ್ಲೂಕಿನಿಂದ ಒಂದೇ ಮಾದರಿ ಕಲಬುರಗಿಯ ವಿಜ್ಞಾನ ಪ್ರದರ್ಶನಕ್ಕೆ ಹೋಗಬೇಕು, ಶನಿವಾರ ಬೆಳಿಗ್ಗೆ ಏಳಕ್ಕೆ ಬಸ್ಸು.

"ಸರ, ನಂದೇ ಹೋಗ್ತದಲ್ರಿ?" ಎಂದು ನಾಲ್ಕು ಸಲ ಕೇಳಿದಳು.

ಬರಣಿ ಚೆನ್ನಾಗಿಯೇ ಇತ್ತು. ಆದರೆ ನಮೂನೆಯ ಒಂಬತ್ತನೇ ಕಾಲಂನಲ್ಲಿ, ಅಂದರೆ 'ವಸ್ತುವಿನ ವಿನ್ಯಾಸಕರ ಹೆಸರು ಮತ್ತು ಸಹಿ' ಎಂಬಲ್ಲಿ, ಫರಸಿ ಕಲ್ಲಿನ ಎದುರು 'ಯಾರೂ ಇಲ್ಲ' ಎಂದು ಬರೆದಿದ್ದಳು. ನನಗೆ ಮೈಯೆಲ್ಲ ಉರಿಯಿತು.

ಮರುದಿನ ಸಮಿತಿಯ ಸಭೆ ಸೇರಿತು. ಅಧ್ಯಕ್ಷರಾದ ಅಶೋಕಕುಮಾರ ಅವರು ಮೇಜಿನ ಮೇಲೆ ಒಂದು ಫರಸಿ ಇಟ್ಟು, ಅದರ ಮೇಲೆ ಚಹಾದ ಕಪ್ಪು ಇಟ್ಟರು. ಚಹಾ ಅಲ್ಲಾಡಲಿಲ್ಲ.

"ನೋಡ್ರಿ ಮೇಡಮ್, ಎಷ್ಟು ಸಪಾಟ ಅದ! ಬುದ್ಧಿ ಇದ್ದವರು ಕೂತು ಮಾಡದೆ ಇಷ್ಟು ಸಪಾಟ ಹೆಂಗಾಗ್ತದ?"

"ಸರ, ಈ ಮೇಜು ಬಡಗ್ಯಾ ಮಾಡ್ಯಾನ. ಕೈ ಊರಿದ್ರ ಡುಗುಡುಗು ಅಲ್ಲಾಡ್ತದ," ಎಂದರು ಉಮಾದೇವಿ. "ಸಪಾಟ ಇದ್ದದ್ದಕ್ಕೆಲ್ಲ ಮಾಡಿದವರು ಇರ್ಲೇಬೇಕಂತ ಇಲ್ರಿ. ಹುಡುಗಿ ಬರಣಿ ಅಲ್ಲಾಡಿಸಿ ತೋರಿಸ್ಲಿಕತ್ತಾಳ. ಕಣ್ಣಾರೆ ನೋಡ್ರಿ."

"ನಾವು ಬರಣಿ ನೋಡಿದ್ರ ಕಾಲಂ ಯಾರು ನೋಡ್ಬೇಕ್ರಿ?" ಎಂದರು ಅಧ್ಯಕ್ಷರು.

ಸಮಿತಿಯು ಎರಡೂ ಪಕ್ಷಗಳಿಗೆ ಸಮಾನ ಅವಕಾಶ ನೀಡಬೇಕೆಂದು ಠರಾವು ಮಾಡಿತು. ನೀರಿನ ಪರವಾಗಿ ಹುಡುಗಿ ಹಾಜರಿದ್ದಳು, ವಿನ್ಯಾಸಕರ ಪರವಾಗಿ ಯಾರೂ ಇರಲಿಲ್ಲ. ಆದ್ದರಿಂದ ವಾಡಿ ರಸ್ತೆಯ ಕಲ್ಲಿನ ಖಣಿಯ ಗೋಡೆಗೆ ನಾನೇ ಖುದ್ದು ನೋಟಿಸು ಹಚ್ಚಿ ಬಂದೆ: 'ಸದರಿ ಕಲ್ಲನ್ನು ವಿನ್ಯಾಸ ಮಾಡಿದ ಬುದ್ಧಿವಂತರು ಮೂರು ದಿನದೊಳಗೆ ಆಧಾರ್ ಕಾರ್ಡಿನ ನಕಲು ಹಾಗೂ ಎರಡು ಭಾವಚಿತ್ರಗಳೊಂದಿಗೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ತಾವು ಇಲ್ಲವೆಂದು ಭಾವಿಸಲಾಗುವುದು.'

ಶುಕ್ರವಾರ ಮಧ್ಯಾಹ್ನ ವಿನ್ಯಾಸಕರು ಬಂದರು. ಅವರು ಅದೇ ಖಣಿಯ ಮಾಲೀಕ ಬಸವಂತರಾಯ ಸಾಹುಕಾರರು. ಅವರ ಖಣಿಯ ಪರವಾನಿಗೆ ಮುಗಿದು ಎರಡು ವರ್ಷವಾಗಿತ್ತು. ನೆಲದೊಳಗಿನ ಕಲ್ಲು ತೆಗೆದರೆ ಪರವಾನಿಗೆ ಬೇಕು, ತಾನೇ ಮಾಡಿಟ್ಟ ಸಾಮಾನು ಎತ್ತಿಕೊಂಡರೆ ಯಾಕೆ ಬೇಕು ಎಂದು ಅವರ ವಕೀಲರು ಹೇಳಿದ್ದರಂತೆ.

"ಹೌದ್ರಿ, ನಾನೇ ಮಾಡೀನಿ," ಎಂದರು ಸಾಹುಕಾರರು. "ಭಾಳ ಕಷ್ಟಪಟ್ಟೀನಿ. ಹೇಳ್ಕೊಂಡಿರಲಿಲ್ಲ ಅಷ್ಟೇ."

ಇನ್ನು ಹತ್ತನೇ ಕಾಲಂ, ವಿನ್ಯಾಸದ ದಿನಾಂಕ. ಹುಡುಗಿಯ ಕೋಟ್ಯಂತರ ವರ್ಷ ಅಲ್ಲಿ ಹಿಡಿಸುವುದಿಲ್ಲ, ಇಸವಿಗೆ ನಾಲ್ಕೇ ಚೌಕಗಳಿವೆ. ನಮ್ಮ ಕಡೆ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಹೆಡ್ ಮಾಸ್ತರು ಶಾಲೆಗೆ ಸೇರಿಸುವಾಗ ಜೂನ್ ಒಂದು ಎಂದು ಬರೆಯುವುದು ರೂಢಿ. ನಾನು ಹುಟ್ಟಿದ್ದು ಜೂನ್ ಒಂದು, ಅಧ್ಯಕ್ಷರೂ ಜೂನ್ ಒಂದು, ಸಾಹುಕಾರರು ೧೯೬೮ರ ಜೂನ್ ಒಂದು. ಕಲ್ಲಿಗೂ ಅದೇ ದಿನ ಕೊಟ್ಟೆವು. ಅಪ್ರಾಪ್ತರು ವಿನ್ಯಾಸ ಮಾಡುವಂತಿಲ್ಲವಾದ್ದರಿಂದ ಹದಿನೆಂಟು ವರ್ಷ ಕೂಡಿಸಿ ೧೯೮೬ ಎಂದು ಬರೆದೆ.

ಹುಡುಗಿಯ ಜೊತೆ ಅವಳ ದಾದಿ, ಅಂದರೆ ತಂದೆಯ ತಾಯಿ, ಸರ್ವರಬೇಗಂ ಬಂದಿದ್ದರು. ಅವರು ಸುಮ್ಮನಿರಲಿಲ್ಲ.

"ಅಯ್ಯ, ಏನ್ ಹೇಳ್ತೀರಿ ಸಾಹೇಬ್ರ! ನಾ ಸೊಸಿಯಾಗಿ ಬಂದಾಗ ನಮ್ಮ ಪಡಸಾಲಿಗೆ ಫರಸಿ ಹಾಸೇ ಇತ್ತು. ಆಗ ಈ ಸಾಹುಕಾರ್ರು ಚಡ್ಡಿ ಸೈತ ಹಾಕ್ಕೊಳ್ತಿರಲಿಲ್ಲ."

ಅವರ ಆಕ್ಷೇಪಣೆಯನ್ನು ಸಮಿತಿ ಗೌರವಪೂರ್ವಕವಾಗಿ ದಾಖಲಿಸಿಕೊಂಡಿತು. ಸದರಿ ಪಡಸಾಲೆಯ ಕಲ್ಲನ್ನು 'ಮುಂಗಡ ಸರಬರಾಜು' ಎಂದು ಪರಿಗಣಿಸಲಾಯಿತು.

ಉಳಿದದ್ದು ಹನ್ನೊಂದನೇ ಕಾಲಂ: ವಿನ್ಯಾಸ ಮಾಡುವುದನ್ನು ಕಣ್ಣಾರೆ ಕಂಡವರ ಸಹಿ. ಸಾಹುಕಾರರ ಆಳುಗಳು ಚಹಾಕ್ಕೆ ಹೋಗಿದ್ದರು, ಕಚೇರಿ ಮುಚ್ಚಲು ಹತ್ತು ನಿಮಿಷವಿತ್ತು. ಅಧ್ಯಕ್ಷರು ಹುಡುಗಿಯ ಕಡೆ ನೋಡಿದರು.

"ನೀ ಮಾಡ್ತಿ ಏನವ್ವ ಸಹಿ? ಮಾಡಿದ್ರ ನಾಳಿ ಬಸ್ಸು. ಇಲ್ಲಂದ್ರ ವಾಡಿಯವರ ಗಾಳಿಯಂತ್ರ ಹೋಗ್ತದ."

"ಆಗ ನಾ ಹುಟ್ಟೇ ಇರಲಿಲ್ಲಲ್ರಿ, ಸರ."

"ಅದಕ್ಕೇನು ಕಾಲಂ ಇಲ್ಲ," ಎಂದೆ ನಾನು. ಕಾಲಂ ನಿಜವಾಗಿಯೂ ಇರಲಿಲ್ಲ.

"ಮಾಡಬ್ಯಾಡ ಮಗಳ," ಎಂದರು ಉಮಾದೇವಿ. "ಹೋಗದಿದ್ರ ಹೋಗ್ಲಿ. ಕಾಣದ್ದನ್ನ ಕಂಡೀನಂತ ಬರಿಬ್ಯಾಡ."

ಮಹೆವಿಶ ಬರಣಿಯ ಕಡೆ ನೋಡಿದಳು, ಟೀಚರ್ ಕಡೆ ನೋಡಿದಳು, ಗೋಡೆಯ ಗಡಿಯಾರ ನೋಡಿದಳು. ಆಮೇಲೆ ನನ್ನ ಪೆನ್ನು ಇಸಿದುಕೊಂಡು ಸಹಿ ಮಾಡಿದಳು. ಅಕ್ಷರಗಳು ದುಂಡಗಿದ್ದವು.

ಶನಿವಾರ ಕಲಬುರಗಿಯಲ್ಲಿ ಪ್ರದರ್ಶನ. ಮೂವರು ನಿರ್ಣಾಯಕರು ಬಂದು ಬರಣಿಯ ಮುಂದೆ ನಿಂತರು. ಮಹೆವಿಶ ಅದನ್ನು ಅಲ್ಲಾಡಿಸಿ ಮೇಜಿನ ಮೇಲಿಟ್ಟಳು. ಹಿರಿಯ ನಿರ್ಣಾಯಕರು ನಮ್ಮ ಕಡತ ತಿರುವಿ, ಕನ್ನಡಕ ಸರಿಮಾಡಿಕೊಂಡರು.

"ನೀರಿನಾಗ ತಾನಾಗೇ ಕಲ್ಲು ಆಯ್ತು ಅಂತ ಕೆಲವರು ಅಂತಾರ. ಅದನ್ನ ಯಾರರೆ ಕಂಡಾರೇನು?"

"ಇಲ್ರಿ, ಸರ."

"ಸಾಹುಕಾರ್ರು ಮಾಡಿದ್ದು?"

"ನಾ ಕಂಡೀನ್ರಿ. ಸಹಿ ಮಾಡೀನಿ."

"ಯಾವ ಇಸವಿ?"

"ಎಂಬತ್ತಾರ್ರಿ."

"ನಿನ್ನ ವಯಸ್ಸು?"

"ಹದಿನಾಲ್ಕ್ರಿ."

ನಿರ್ಣಾಯಕರು ಎರಡೂ ಅಂಕಿಗಳನ್ನು ಬರೆದುಕೊಂಡು, ಎಲ್ಲ ಸರಿಯಾಗಿದೆ ಎಂದು ತಲೆಯಾಡಿಸಿದರು. ಅಷ್ಟರಲ್ಲಿ ಮೇಜಿನ ಮೇಲೆ ಉಸುಕು ತಳಕ್ಕಿಳಿದು, ಅದರ ಮೇಲೆ ಎರೆಮಣ್ಣು ಕೂತು, ಅದರ ಮೇಲೆ ಸುಣ್ಣ ಬೆಳ್ಳಗೆ ಹಾಸಿಕೊಂಡಿತ್ತು. ಅತ್ತ ಯಾರೂ ನೋಡಲಿಲ್ಲ.

ಮಹೆವಿಶಗೆ ಪ್ರಥಮ ಬಹುಮಾನ ಬಂತು. ವಿಜ್ಞಾನದಲ್ಲಿ ಕಣ್ಣಾರೆ ಕಾಣುವುದೇ ಮುಖ್ಯ, ಈ ಹುಡುಗಿಯನ್ನು ನೋಡಿ ಎಲ್ಲ ಮಕ್ಕಳು ಕಲಿಯಬೇಕು ಎಂದು ಹಿರಿಯ ನಿರ್ಣಾಯಕರು ಭಾಷಣ ಮಾಡಿದರು. ಅಧ್ಯಕ್ಷರು ಚಪ್ಪಾಳೆ ತಟ್ಟಿದರು, ಸಾಹುಕಾರರು ಎದ್ದು ನಿಂತು ಎಲ್ಲರಿಗೂ ಕೈ ಮುಗಿದರು, ನಾನೂ ತಟ್ಟಿದೆ. ಉಮಾದೇವಿಯವರು ಮೊದಲು ತಟ್ಟಲಿಲ್ಲ. ಹುಡುಗಿ ವೇದಿಕೆಯ ಮೇಲಿಂದ ಅವರನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಅವರೂ ತಟ್ಟಿದರು.