ಒಂದು ಟಕ್ಕಿಗೆ ಹೂಂ, ಎರಡಕ್ಕೆ ಊಹೂಂ

ಹತ್ತು ದಿನ ತುಟಿ ಪಿಟಕ್ಕೆನ್ನಕೂಡದು ಎಂದು ಡಾಕ್ಟರು ಅಪ್ಪಣೆ ಮಾಡಿದ್ದರು. ರೈಲ್ವೆ ಸ್ಟೇಷನ್ನಿನ ಅನೌನ್ಸರನಿಗೆ ಇದು ಮೀನಿಗೆ ನೀರು ಮುಟ್ಟಬೇಡ ಎಂದ ಹಾಗೆ. ಇಪ್ಪತ್ತೆರಡು ವರ್ಷ ಅವನ ಗಡಸು ಕಂಠ ಕೇಳಿ ಜನ ಓಡಿದ್ದರು, ಓಡಿಯೂ ರೈಲು ತಪ್ಪಿಸಿಕೊಂಡಿದ್ದರು, ಆಮೇಲೆ ಅವನನ್ನೇ ಬೈದಿದ್ದರು. ಆ ಗಂಟಲಲ್ಲಿ ಎದ್ದ ಕಡಲೆಕಾಳಿನಷ್ಟು ಗಂಟನ್ನು ಡಾಕ್ಟರು ಕತ್ತರಿಸಿ ತೆಗೆದು, "ಹತ್ತನೇ ದಿನ ಸಂಜೆ ನನ್ನ ಮುಂದೆ ಕೂತು ಮೊದಲನೇ ಮಾತು ಮೆಲ್ಲಗೆ ಆಡಿ. ಅದಕ್ಕೆ ಮುಂಚೆ ಒಂದು ಸಲ ಕಿರುಚಿದ್ರೂ ನಿಮ್ಮ ಕಂಠ ನಿಮ್ಮದಾಗಿರಲ್ಲ" ಎಂದಿದ್ದರು. ಸಾಲದ್ದಕ್ಕೆ ಸ್ಟೇಷನ್ ಮಾಸ್ತರರು, ಕಂಠ ಹೋದರೆ ಇವನ ಬದಲಿಗಿರಲಿ ಎಂದು ಅನೌನ್ಸ್ ಮಾಡುವ ಯಂತ್ರವೊಂದನ್ನು ತರಿಸಿ, ಪೆಟ್ಟಿಗೆ ಬಿಚ್ಚದೆ ಕಾದಿದ್ದರು.

ಈವತ್ತು ಹತ್ತನೇ ದಿನ. ಕೆಲಸಕ್ಕೆ ಹೊರಟ ಹೆಂಡತಿ ಅವನ ಕೈಗೊಂದು ಚಮಚ ಕೊಟ್ಟಳು.

"ಐದು ಗಂಟೆ ಒಳಗೆ ಕ್ಲಿನಿಕ್‌ನವರು ಫೋನ್ ಮಾಡಿ ಟೈಮ್ ಹೇಳ್ತಾರೆ. ಸಿಗ್ಲಿಲ್ಲ ಅಂದ್ರೆ ನಿಮ್ಮ ಸರದಿ ಬೇರೆಯವರಿಗೆ ಹೋಗತ್ತೆ, ಡಾಕ್ಟರು ನಾಳೆಯಿಂದ ಒಂದು ತಿಂಗಳು ಊರಲ್ಲಿರಲ್ಲ. ರಿಸೀವರ್‌ಗೆ ಒಂದ್ಸಲ ಟಕ್ ಅಂದ್ರೆ ಹೂಂ, ಎರಡ್ಸಲ ಅಂದ್ರೆ ಊಹೂಂ. ಅವರಿಗೆ ಹೇಳಿಟ್ಟಿದ್ದೀನಿ. ಬಾಯಿ ಮಾತ್ರ ಬಿಡಬೇಡಿ. ನೀವು ಸುಮ್ಮನಿದ್ರೆ ಮನೆ ಎಷ್ಟು ಚೆನ್ನಾಗಿರತ್ತೆ ಅಂತ ಈಗ ಗೊತ್ತಾಗಿದೆ."

ಹಜಾರದ ಫೋನು ಕರೆಯುವವರ ನಂಬರು ತೋರಿಸದಷ್ಟು ಹಳೆಯದು. ಹನ್ನೊಂದಕ್ಕೆ ಅದು ಬಡಿದುಕೊಂಡಿತು. ಅವನು ಚಮಚ ಹಿಡಿದು ಹಾರಿದ.

"ನಮಸ್ಕಾರ ಸಾರ್. ಬೆನ್ನು ಹೇಗಿದೆ?" ಎಂದಿತು ಹುಡುಗಿಯೊಬ್ಬಳ ದನಿ.

ಗಂಟಲಿನ ಕ್ಲಿನಿಕ್ಕು ಬೆನ್ನು ಯಾಕೆ ಕೇಳುತ್ತದೆ ಎಂದು ಅನುಮಾನ ಬಂತು. ಇದ್ದರೂ ಇರಬಹುದು ಎಂದು ಒಮ್ಮೆ ಟಕ್ ಎನ್ನಿಸಿದ.

"ನೋವಿದೆ ಅಲ್ವಾ? ನಂಗೊತ್ತಿತ್ತು ಸಾರ್. ನಿಮ್ಮ ಹಳೇ ಹಾಸಿಗೆಯದೇ ತಪ್ಪು." ಹುಡುಗಿ ಹಾಸಿಗೆಯ ಪದರ ಪದರವನ್ನೂ ಬಿಚ್ಚಿ ವರ್ಣಿಸತೊಡಗಿದಳು. ಅವನು ಗಾಬರಿಯಿಂದ ಎರಡು ಸಲ ಬಡಿದ.

"ಎರಡಾ? ಎರಡು ಬರ್ಕೊಂಡೆ ಸಾರ್."

ಫೋನು ಕುಕ್ಕಿದ. ಮರುಗಳಿಗೆಯೇ ಅದು ಮತ್ತೆ ಬಡಿದುಕೊಂಡಿತು.

"ಲೈನ್ ಕಟ್ಟಾಯ್ತು ಸಾರ್. ಈ ತಿಂಗಳಲ್ಲಿ ನನ್ನ ಮಾತು ಪೂರ್ತಿ ಕೇಳಿದೋರು ನೀವೊಬ್ರೇ. ಐದಕ್ಕೆ ಲಾರಿ ಹೊರಡತ್ತೆ. ಬೇಡ ಅಂದ್ರೆ ಅಷ್ಟರೊಳಗೆ ಯಜಮಾನ್ರೇ ಬಾಯ್ಬಿಟ್ಟು ಹೇಳ್ಬೇಕು."

ಮೌನವೇ ಸಮ್ಮತಿ ಎಂದು ಮೊದಲು ಹೇಳಿದವನೂ ಏನನ್ನೋ ಮಾರುತ್ತಿದ್ದಿರಬೇಕು.

ಮಧ್ಯಾಹ್ನದೊಳಗೆ ಅವಳು ಆರು ಸಲ ಫೋನು ಮಾಡಿದಳು. ಕ್ಲಿನಿಕ್ಕಿನವರು ಒಂದು ಸಲವೂ ಮಾಡಲಿಲ್ಲ. ಮೂರು ಗಂಟೆಗೆ ಕೆಳಮನೆಯ ನಿವೃತ್ತ ಲೆಕ್ಕದ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು.

"ಏನಯ್ಯಾ, ಬೆಳಗ್ಗಿಂದ ಫೋನು ಹಸುಗೂಸಿನ ಥರ ಅರಚ್ತಾ ಇದೆ?"

ಅವನು ಚೀಟಿಯಲ್ಲಿ ಬರೆದ: 'ಹಾಸಿಗೆ ಮಾರುವವಳು. ದಯವಿಟ್ಟು ಬೇಡ ಅನ್ನಿ.' ಅಷ್ಟರಲ್ಲಿ ಫೋನು ಮತ್ತೆ ಕೂಗಿತು.

"ಬೇಡ ಅನ್ನೋಕೂ ಒಂದು ಕ್ರಮ ಇದೆ ಕಣಯ್ಯಾ" ಎಂದು ಮೇಷ್ಟ್ರು ರಿಸೀವರ್ ಎತ್ತಿಕೊಂಡರು. "ಮೊದಲು ರೇಟು ಕೇಳ್ಬೇಕು. ರೇಟು ಕೇಳದೆ ಬೇಡ ಅನ್ನೋನು ಹೆಡ್ಡ."

ಕೇಳಿದರು. ಚೌಕಾಸಿಗಿಳಿದರು. ಅರ್ಧ ಗಂಟೆಯಾಯಿತು. ಕ್ಲಿನಿಕ್ಕಿನವರು ಇದೇ ಗಳಿಗೆಯಲ್ಲಿ ಪ್ರಯತ್ನಿಸುತ್ತಿದ್ದರೆ? ಅನೌನ್ಸರ ಚಮಚದಿಂದ ಗಡಿಯಾರ ತೋರಿಸಿದ. ಮೇಷ್ಟ್ರ ಅಂಗಿ ಹಿಡಿದು ಜಗ್ಗಿದ. ಅವರು ಹಿಂದಿನ ಬೆಂಚಿನ ತುಂಟನನ್ನು ಗದರುವಂತೆ ಕಣ್ಣು ಬಿಟ್ಟರು.

ಕೊನೆಗೆ ಫೋನಿಟ್ಟು ಬೀಗಿದರು. "ಹೇಗೆ ಮಣಿಸಿದೆ ನೋಡು. ಮೂರು ತಗೊಂಡ್ರೆ ನಾಲ್ಕು ದಿಂಬು ಪುಕ್ಕಟೆ. ದಿಂಬು ನಂಗಿರ್ಲಿ, ಹಾಸಿಗೆ ನೀನೇ ಇಟ್ಕೋ."

'ಬೇಡ ಅನ್ನಲಿಲ್ಲವೇ?' ಎಂದು ಬರೆದ. ಪೆನ್ನಿನ ಮೊನೆಗೆ ಕಾಗದ ಹರಿಯಿತು.

"ಅದನ್ನ ಯಜಮಾನ್ರೇ ಹೇಳ್ಬೇಕಂತಲ್ಲ" ಎಂದು ಮೇಷ್ಟ್ರು ಕುರ್ಚಿ ಎಳೆದು ಕೂತರು. ದಿಂಬು ಬರುವವರೆಗೂ ಏಳುವ ಲಕ್ಷಣವಿರಲಿಲ್ಲ.

ನಾಲ್ಕೂ ನಲವತ್ತಕ್ಕೆ ಫೋನು. ಅವನು ಹಾರಿ ಎತ್ತಿದ.

"ಮೆತ್ತಗಿಂದು ಕಳಿಸ್ಲಾ ಸಾರ್, ಗಟ್ಟಿದಾ?"

ಕುಕ್ಕಿದ. ಐವತ್ತಕ್ಕೆ, "ನೀಲಿ ಬಣ್ಣ ಆಗತ್ತಾ ಸಾರ್?" ಕುಕ್ಕಿದ. ಐವತ್ತೆರಡಕ್ಕೆ, "ನಿಮ್ಮ ಮೆಟ್ಟಿಲು ಎಷ್ಟು ಅಗಲ ಸಾರ್?" ಕುಕ್ಕಿದ. ಕೈ ತೆಗೆಯುವ ಮೊದಲೇ ಮತ್ತೆ ಬಂತು. ಗೋಡೆ ಗಡಿಯಾರದ ದೊಡ್ಡ ಮುಳ್ಳು ಹನ್ನೆರಡರತ್ತ ಇರುವೆಯಂತೆ ತೆವಳುತ್ತಿತ್ತು. ಈ ಹುಡುಗಿ ಲೈನು ಬಿಡದೆ ಕ್ಲಿನಿಕ್ಕು ಬರುವುದಿಲ್ಲ, ಕ್ಲಿನಿಕ್ಕು ಬಾರದೆ ಡಾಕ್ಟರಿಲ್ಲ, ಡಾಕ್ಟರಿಲ್ಲದೆ ಕಂಠವಿಲ್ಲ.

"ಸಾರ್, ಲಾರಿ ಬಾಗಿಲು ಹಾಕ್ತಿದ್ದಾರೆ. ಇನ್ನೊಂದು ಹಾಸಿಗೆ ಹಿಡಿಯೋ ಅಷ್ಟು ಜಾಗ ಇದೆ. ನಾಲ್ಕು ಮಾಡ್ಲಾ?"

ಹತ್ತು ದಿನದ ಮಾತೆಲ್ಲ ಒಟ್ಟಿಗೆ ನುಗ್ಗಿತು.

"ಬೇಡ ಕಣಮ್ಮಾ! ಒಂದೂ ಬೇಡ! ಫೋನಿಡು!"

ಮೇಷ್ಟ್ರು ಮೆಲ್ಲಗೆ ಎದ್ದು ನಿಂತು, ಮಾತು ಬಂದದ್ದು ಎಲ್ಲಿಂದ ಎನ್ನುವಂತೆ ಅಡುಗೆಮನೆ ಕಡೆ ನೋಡಿದರು. ಆ ತುದಿಯಿಂದ ಹುಡುಗಿಯ ದನಿ ಬಹಳ ವಿನಯದಿಂದ ಬಂತು.

"ಬೇಜಾರು ಮಾಡ್ಕೋಬೇಡಿ ಆಂಟಿ. ನೀವು ಹೇಳಿದ್ರೆ ಕ್ಯಾನ್ಸಲ್ ಆಗಲ್ಲ. ಸ್ವಲ್ಪ ಸಾರ್‌ಗೆ ಫೋನ್ ಕೊಡ್ತೀರಾ?"